ಬೆಂಚು ಖಾಲಿಯಾದ ಮೇಲೆ ಕಾಫಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಆದಿಲಕ್ಷ್ಮಿ ಅಕ್ಕನಿಗೆ, ಮಗಳು ತೇಜಶ್ರೀಗೆ, ಮೇಡಹಳ್ಳಿಯಿಂದ ಬಂದಿರುವ ಬಂಧುಗಳಿಗೆ ನಮಸ್ಕಾರ. ಈಗಷ್ಟೇ ಬುದ್ಧವಂದನೆ ಹೇಳಿದ ಭಂತೇಜಿಯವರಿಗೆ, ಈ ಹಾಲ್ ಬಿಟ್ಟುಕೊಟ್ಟ ಕಾಕ್ಸ್‌ಟೌನಿನ ಚರ್ಚಿನವರಿಗೆ, ಲಿಂಗರಾಜಪುರದ ನಮ್ಮ ಆಸ್ಪತ್ರೆಯ ಸಿಬ್ಬಂದಿಗೆ — ಮತ್ತು ಹಿಂದಿನ ಸಾಲುಗಳಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿರುವ ನಮ್ಮ ಪೇಷಂಟುಗಳಿಗೆ — ನಮಸ್ಕಾರ.

ನನ್ನ ಹೆಸರು ಮೆಹ್ವಿಶ್. ಡಾಕ್ಟರ್ ಪ್ರೇಮ್‌ಕುಮಾರ್ ಅವರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಶಿವಾಜಿನಗರದಿಂದ ಹುಡುಗಿಯಾಗಿ ಬಂದು ಸೇರಿದೆ, ಈಗ ತಲೆ ಪೂರ್ತಿ ನರೆತಿದೆ. ಅಷ್ಟೂ ವರ್ಷ ಅವರ ಬಲಗೈ ಪಕ್ಕ ನಿಂತಿದ್ದೇನೆ. ಅಷ್ಟೂ ವರ್ಷ ಅವರ ಜೊತೆ ಜಗಳವಾಡಿದ್ದೇನೆ. ಅಕ್ಕನಿಗೆ ಗೊತ್ತು.

ಸಭೆ ಶುರುವಾಗುವಾಗ ಮೊಬೈಲ್ ಆಫ್ ಮಾಡಿ ಎಂದರು. ನೀವೆಲ್ಲ ಮಾಡಿದಿರಿ. ನಾನು ಮಾಡಿಲ್ಲ. ಇಗೋ — ಮೈಕಿನ ಪಕ್ಕದಲ್ಲೇ ಇಟ್ಟಿದ್ದೇನೆ, ಜೋರಾಗಿ ಕೇಳುವ ಹಾಗೆ ಇಟ್ಟಿದ್ದೇನೆ. ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಜಟ್ಟೆಮ್ಮ ಎನ್ನುವ ಒಬ್ಬ ಹೆಂಗಸನ್ನು ನಾವು ಹುಡುಕುತ್ತಿದ್ದೇವೆ; ಸುಳಿವು ಸಿಕ್ಕವರು ಈ ನಂಬರಿಗೇ ಫೋನ್ ಮಾಡುತ್ತಾರೆ. ಡಾಕ್ಟರು ತೀರಿಕೊಂಡ ಮಂಗಳವಾರ, ಅವರು ಕೊನೆಯದಾಗಿ ಪೊರೆ ತೆಗೆದದ್ದು ಆಯಮ್ಮನ ಬಲಗಣ್ಣಿನಿಂದ. ಇವತ್ತು ಭಾನುವಾರ. ಆ ಕಣ್ಣನ್ನು ಇಲ್ಲಿಯವರೆಗೆ ಯಾರೂ ನೋಡಿಲ್ಲ. ಆ ಕಣ್ಣಿನಲ್ಲಿ ಏನೋ ಕೆಡುತ್ತಿದೆ ಎಂದು ನನಗೆ ಹೆದರಿಕೆ.

ಇದನ್ನು ಇಲ್ಲಿ ಹೇಳಬೇಡ ಎಂದವರಿದ್ದಾರೆ. ನಮ್ಮ ಆಡಳಿತ ನೋಡಿಕೊಳ್ಳುವ ನಿತೀಶ್, ಅಲ್ಲೇ ಕಂಬದ ಹತ್ತಿರ ನಿಂತಿದ್ದಾರೆ, ಬೆಳಗ್ಗೆ ಬಂದು ಕೈ ಹಿಡಿದುಕೊಂಡರು. "ಅಕ್ಕಾ, ಇವತ್ತೊಂದು ದಿನ ಬೇಡ. ಡಾಕ್ಟರ್ ಹೆಸರಿಗೆ ಮಸಿ ಹತ್ಕೊಳ್ಳುತ್ತೆ." ನನಗೂ ಹೌದೇನೋ ಅನ್ನಿಸಿತು. ಆದಿಲಕ್ಷ್ಮಿ ಅಕ್ಕನನ್ನೇ ಕೇಳಿದೆ. ಅಕ್ಕ ಹೇಳಿದ್ದಿಷ್ಟೇ — "ಅವ್ರು ಇದ್ದಿದ್ರೆ ಇಷ್ಟೊತ್ತಿಗೆ ಆ ಹೆಂಗಸಿನ ಮನೆ ಬಾಗಿಲು ಬಡೀತಿರೋರು. ಹೇಳಮ್ಮ ನೀನು." ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ನಮ್ಮ ಬೆಂಚಿನ ಕಥೆ ಹೇಳಬೇಕು. ಗೊತ್ತಿಲ್ಲದವರು ಕೆಲವರಿದ್ದೀರಿ.

ಆಸ್ಪತ್ರೆಯ ಹಿಂದಿನ ವರಾಂಡದಲ್ಲಿ ಒಂದು ಉದ್ದನೆಯ ಮರದ ಬೆಂಚಿದೆ. ಇವತ್ತು ಯಾರಿಗೆ ಆಪರೇಷನ್ ಆಯಿತೋ ಅವರೆಲ್ಲ ನಾಳೆ ಬೆಳಗ್ಗೆ ಬಂದು ಆ ಬೆಂಚಿನ ಮೇಲೆ ಸಾಲಾಗಿ ಕೂರಬೇಕು. ಡಾಕ್ಟರೇ ಬಂದು, ಒಬ್ಬೊಬ್ಬರ ಎದುರೂ ಸ್ಟೂಲ್ ಎಳೆದುಕೊಂಡು ಕೂತು, ಅವರ ಅಂಗೈಯನ್ನೇ ಹಿಡಿದು ಇನ್ನೊಂದು ಕಣ್ಣಿನ ಮೇಲಿಟ್ಟು — ಹೀಗೆ — "ಈಗ ನೋಡಿ, ನಾನು ಯಾವ ಬಣ್ಣದ ಅಂಗಿ ಹಾಕಿದೀನಿ?" ಎಂದು ಕೇಳುತ್ತಿದ್ದರು. ಆಮೇಲೆ ಟಾರ್ಚು, ಆಮೇಲೆ ಒಳಗಿನ ಮೆಷೀನು. ಆ ಬೆಂಚಿನಲ್ಲಿ ಕೊನೆಯವರು ಎದ್ದು ಹೋಗುವವರೆಗೆ ಆಸ್ಪತ್ರೆಯಲ್ಲಿ ಯಾರೂ ಕಾಫಿ ಕುಡಿಯುವ ಹಾಗಿರಲಿಲ್ಲ. ಡಾಕ್ಟರಿಲ್ಲ, ನರ್ಸಿಲ್ಲ, ಕಸ ಗುಡಿಸುವವರಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಬಂದು ಕೂತಿರುತ್ತಿತ್ತು, ನಾವು ಅದರ ಮುಖ ನೋಡಿಕೊಂಡು ಓಡಾಡುತ್ತಿದ್ದೆವು. ಹೊಸದಾಗಿ ಸೇರಿದವರು ಕದ್ದು ಕುಡಿದು ಬೈಸಿಕೊಂಡಿದ್ದಾರೆ. ನಾನೂ ಬೈಸಿಕೊಂಡಿದ್ದೇನೆ.

ಅಹ್ಮದ್ ಪಾಷಾ ಭಾಯ್ ಬಂದಿದ್ದಾರೆ, ಅಲ್ಲಿ. ಶಿವಾಜಿನಗರದಲ್ಲಿ ಟೈಲರು. ಅವರ ಸರದಿ ಬಂದಾಗ ಡಾಕ್ಟರು ಅಂಗಿಯ ಬಣ್ಣ ಕೇಳಿದರು. ಭಾಯ್ ಬಣ್ಣ ಹೇಳಲಿಲ್ಲ. ಮುಂದೆ ಬಗ್ಗಿ ಡಾಕ್ಟರ ಕಾಲರ್ ಹಿಡಿದುಕೊಂಡರು. "ಕೌನ್ ಸಿಯಾ ಸಾಬ್ ಇಸ್ಕು? ಟೇಡಾ ಹೈ!" — ಯಾರು ಹೊಲಿದದ್ದು ಇದನ್ನ, ಸೊಟ್ಟಗಿದೆ! ಡಾಕ್ಟರು ಎಷ್ಟು ನಕ್ಕರೆಂದರೆ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಅವತ್ತಿನಿಂದ ಅವರ ಅಂಗಿಗಳನ್ನೆಲ್ಲ ಹೊಲಿದದ್ದು ಭಾಯ್. ಮಂಗಳವಾರ ಅವರ ಮೈಮೇಲಿದ್ದದ್ದೂ ಭಾಯ್ ಹೊಲಿದ ಅಂಗಿಯೇ.

ಈ ಬೆಂಚಿನ ಹಟ ಎಲ್ಲಿಂದ ಬಂತು? ಅದನ್ನು ನನಗೆ ಹೇಳಿದವರು ಡಾಕ್ಟರಲ್ಲ, ಅವರ ತಂದೆ ಚಿಕ್ಕಮುನಿಯಪ್ಪನವರು. ಅವರೂ ಈಗಿಲ್ಲ. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಬಂದು ನಮ್ಮ ವರಾಂಡದಲ್ಲಿ ಕೂರುತ್ತಿದ್ದರು. ಆಗೆಲ್ಲ ಪೊರೆ ಹಣ್ಣಾಗಬೇಕು ಎಂದು ಕಾಯಿಸುತ್ತಿದ್ದರಲ್ಲ — ಪೂರ್ತಿ ಕುರುಡಾದ ಮೇಲೇ ಆಪರೇಷನ್. ಅವರದ್ದು ಆದದ್ದು ಸ್ಕೂಲಿನಲ್ಲಿ ನಡೆದ ಕ್ಯಾಂಪಿನಲ್ಲಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

"ಇಸ್ಕೂಲಾಗೆ ಬೆಂಚೆಲ್ಲ ಎತ್ತಾಕಿ ಚಾಪೆ ಹಾಸಿದ್ರು ಕಣಮ್ಮ. ತಲೆಗೆ ಎರಡ್ ಕಡೆ ಮರಳಿನ ಚೀಲ ಇಕ್ಕಿ, ಅಲ್ಲಾಡ್ಬ್ಯಾಡ, ಡಾಕ್ಟ್ರು ಬರೋಗಂಟ ಪಟ್ಟಿ ಬಿಚ್ಬ್ಯಾಡ ಅಂದ್ರು. ಅಂದ್ಬುಟ್ಟು ಡಾಕ್ಟ್ರು ವ್ಯಾನ್ ಹತ್ಕೊಂಡು ಹೊಂಟೋದ್ರು. ನನ್ ಪಕ್ಕದ್ ಚಾಪೆಯವ್ನು ನೋವು ನೋವು ಅಂತ ನರಳ್ತಾನೇ ಇದ್ದ. ಯಾರೂ ಬಿಚ್ಲಿಲ್ಲ. ಬಿಚ್ಬ್ಯಾಡಿ ಅಂದಿದ್ರಲ್ಲ! ಡಾಕ್ಟ್ರು ವಾಪಸ್ ಬಂದು ಬಿಚ್ಚಿದ್ರೆ ಒಳಗೆ ಬರೀ ಕೀವು. ನಂದು ಚೆನ್ನಾಗಾಯ್ತು. ಅವ್ನು ನನ್ ಕಣ್ಣೆದುರ್ಗೇ ಕೋಲು ಹಿಡ್ಕೊಂಡು ಓಡಾಡ್ದ, ಸಾಯೋಗಂಟ."

ಇಷ್ಟು ಹೇಳಿ ಮುದುಕರು ಆ ದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಎಲ್ಲ ಬದಲಾಯಿತು. ನಾನೇ ನೋಡಿದ್ದೇನೆ. ದಪ್ಪ ಕನ್ನಡಕ ಹೋಯಿತು, ಕಣ್ಣೊಳಗೇ ಲೆನ್ಸ್ ಬಂತು. ಹೊಲಿಗೆ ಹೋಯಿತು. ಪಟ್ಟಿ ಹೋಯಿತು. ಪೊರೆ ಹಣ್ಣಾಗಲಿ ಎಂದು ಕಾಯುವುದೂ ಹೋಯಿತು. ಮೆಷೀನ್ ಬಂತು — ಒಂದು ಸಣ್ಣ ತೂತು, ಅದರಲ್ಲೇ ಪೊರೆ ಪುಡಿಯಾಗಿ ಹೊರಗೆ ಬರುತ್ತದೆ. ಬೆಳಗ್ಗೆ ಬಂದವರು ಮಧ್ಯಾಹ್ನದ ಊಟಕ್ಕೆ ಆಟೋ ಹತ್ತಿ ಮನೆಗೆ ಹೋಗುತ್ತಾರೆ. ವಾರ್ಡೇ ಬೇಡವಾಯಿತು; ನಮ್ಮ ಹೆಂಗಸರ ವಾರ್ಡಿದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ ಇದೆ. ಇಂದಿರಾನಗರದಲ್ಲಿ ಗಾಜಿನ ಬಾಗಿಲಿನ ಬ್ರಾಂಚು ಬಂತು. ಒಳ್ಳೆಯದೇ ಆಯಿತು, ನಾನು ಇಲ್ಲ ಅನ್ನುವುದಿಲ್ಲ. ಕುರುಡಾಗಿ ಕೂರಬೇಕಾಗಿದ್ದ ಎಷ್ಟೋ ಜನ ಇವತ್ತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ.

ಆದರೆ ಡಾಕ್ಟರು ಒಂದು ಮಾತು ಹೇಳುತ್ತಿದ್ದರು, ಥಿಯೇಟರಿನಲ್ಲಿ ಕೈ ತೊಳೆಯುವಾಗ. "ಮೆಹ್ವಿಶ್, ಕಣ್ಣು ವಾಸಿ ಆಗೋದು ಈಗ ಬೇಗ ಆಗಿದೆ. ಕೆಡೋದು ಮಾತ್ರ ಮೊದ್ಲಿನ ಹಾಗೇ ಕೆಡುತ್ತೆ."

ಎಲ್ಲವೂ ಹೋದರೂ ಆ ಬೆಂಚನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಹೋದ ವರ್ಷ ಇಂದಿರಾನಗರದಲ್ಲಿ ಮೀಟಿಂಗ್ ಆಯಿತು. ಮರುದಿನ ಬೆಳಗ್ಗೆ ಪೇಷಂಟನ್ನು ಕರೆಸುವುದು ಬೇಡ, ಫೋನ್ ಮಾಡಿ ಕೇಳಿದರೆ ಸಾಕು, ಎಷ್ಟೋ ಕಡೆ ಹಾಗೇ ಮಾಡುತ್ತಾರೆ ಎಂದು ಆಡಳಿತದವರು ಹೇಳಿದರು. ಸುಳ್ಳಲ್ಲ, ಮಾಡುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರಿದ್ದು, ಕೈಯಲ್ಲಿ ಸ್ವಂತ ಫೋನಿದ್ದು, ಕಣ್ಣು ಕೆಂಪಾದರೆ ಕ್ಯಾಬ್ ಹಿಡಿದು ಬರುವವರಿಗೆ ಅದು ನಡೆಯುತ್ತದೆ. ಡಾಕ್ಟರು ಜಗಳಕ್ಕೆ ಹೋಗಲಿಲ್ಲ. ನಿತೀಶ್ ಅವರನ್ನೇ ಲಿಂಗರಾಜಪುರಕ್ಕೆ ಕರೆತಂದು, ಬೆಂಚಿನ ಮೇಲೆ ಕೂತಿದ್ದವರನ್ನು ತೋರಿಸಿ, "ತಗೊಳ್ಳಿ, ಇವ್ರಿಗೆಲ್ಲ ಫೋನ್ ಮಾಡಿ" ಎಂದರು.

ನಿತೀಶ್ ಅಲ್ಲೇ ನಿಂತು ಮಾಡಿದರು. ಒಂದು ಫೋನನ್ನು ಮೇಸ್ತ್ರಿ ಎತ್ತಿದ. ಒಂದನ್ನು ಮನೆ ಓನರ್ ಎತ್ತಿ, "ಅವ್ರು ಖಾಲಿ ಮಾಡ್ಕೊಂಡು ಹೋದ್ರಲ್ಲ" ಎಂದರು. ಒಂದನ್ನು ರೀಚಾರ್ಜ್ ಅಂಗಡಿಯವನು ಎತ್ತಿದ. ಬೆಂಚಿನ ಮೇಲೆ ಕೂತಿದ್ದವರ ಪೈಕಿ ಒಬ್ಬಿಬ್ಬರ ಜೇಬಿನಲ್ಲಿ ಮಾತ್ರ ಫೋನ್ ಸದ್ದಾಯಿತು. ನಿತೀಶ್ ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಮೇಲಿನವರು ಬಿಡಲಿಲ್ಲ. ಮುಂದಿನ ತಿಂಗಳಿಂದ ಫೋನೇ ಎಂದು ಆದೇಶ ಬಂದಿದೆ. "ನಾನಿರೋವರೆಗೂ ಆಗಲ್ಲ" ಎಂದು ಡಾಕ್ಟರು ಹೇಳಿದ್ದರು.

ಈಗ ಮಂಗಳವಾರದ್ದು.

ಕೊನೆಯ ಪೇಷಂಟು ಜಟ್ಟೆಮ್ಮ. ಯಾದಗಿರಿ ಕಡೆಯವರು, ಕೆ.ಆರ್.ಪುರದ ಹತ್ತಿರ ಬಾಡಿಗೆ ರೂಮು, ಮಗ ಗಾರೆ ಕೆಲಸ. ಅವರಿಗಿಂತ ಮುಂಚೆ, ಅದೇ ಟೇಬಲಿನ ಮೇಲೆ ಮಲಗಿದ್ದವರು ಹಲಸೂರು ಮಾರ್ಕೆಟ್ಟಿನಲ್ಲಿ ಹೂವು ಮಾರುವ ಮುನಿಗಂಗಮ್ಮ. ಎಲ್ಲ ಸಲೀಸಾಗಿ ಆಯಿತು. ಜಟ್ಟೆಮ್ಮ ಇಳಿದು ಹೋಗುವಾಗ ಡಾಕ್ಟರು ಅವರ ಭುಜ ತಟ್ಟಿ ಹೇಳಿದರು — "ನಾಳೆ ಬೆಳಗ್ಗೆ ಬಾರಮ್ಮ. ನಾನೇ ನೋಡ್ತೀನಿ."

ಅದೇ ಅವರ ಕೊನೆಯ ಮಾತು. ಗೌನ್ ಬಿಚ್ಚಲು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಬಾಗಿಲು ತಟ್ಟಿದೆ. ಕುರ್ಚಿಯಲ್ಲಿ ಕೂತ ಹಾಗೇ ಇದ್ದರು. ನಾವು ಮಾಡಬೇಕಾದ್ದೆಲ್ಲ ಮಾಡಿದೆವು, ಅಕ್ಕಾ. ನಿಮ್ಮೆದುರು ಇದೊಂದನ್ನು ಹೇಳಲೇಬೇಕು. ಎಲ್ಲ ಮಾಡಿದೆವು.

ಬುಧವಾರ ನಾವೆಲ್ಲ ಕಲ್ಪಳ್ಳಿ ಸ್ಮಶಾನದಲ್ಲಿದ್ದೆವು. ಒಬ್ಬರೂ ಬಿಡದೆ. ನಿತೀಶ್ ಹೆಗಲು ಕೊಟ್ಟರು, ಡ್ರೈವರುಗಳು ಅತ್ತರು, ಅಡುಗೆಯವರು ಅತ್ತರು. ಆಸ್ಪತ್ರೆಗೆ ಬೀಗ ಹಾಕಿ ಹೋಗಿದ್ದೆವು. ಗೇಟಿಗೆ ಡಾಕ್ಟರ ದೊಡ್ಡ ಫೋಟೋ ಕಟ್ಟಿ, ಹಾರ ಹಾಕಿ, ಊದುಬತ್ತಿ ಹಚ್ಚಿ, ಕೆಳಗೆ ಒಂದು ಬೋರ್ಡು. ಅವರಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಇನ್ನೇನಿದೆ ಎಂದುಕೊಂಡೆವು. ಅವತ್ತು ಬೆಳಗ್ಗೆ ಬೆಂಚಿನ ಮೇಲೆ ಕೂರಬೇಕಾದವರು ಬರುತ್ತಾರೆ ಎನ್ನುವುದು — ಇಷ್ಟು ಜನರಲ್ಲಿ — ಒಬ್ಬರಿಗೂ ಹೊಳೆಯಲಿಲ್ಲ. ಬದುಕೆಲ್ಲ ಆ ಬೆಂಚಿಗಾಗಿ ಬಡಿದಾಡಿದ ಮನುಷ್ಯನನ್ನು ಕಳಿಸಿಕೊಡಲು ಹೋಗಿ ನಾವು ಆ ಬೆಂಚಿಗೇ ಬೀಗ ಹಾಕಿದ್ದೆವು.

ಅವರು ಬಂದರು. ಎಲ್ಲರೂ ಬಂದರು. ಗೇಟಿನಲ್ಲಿದ್ದವರು ನಮ್ಮ ಸೆಕ್ಯುರಿಟಿ ರಾಮಾಂಜಿನಪ್ಪ ಒಬ್ಬರೇ. ನಾನು ಆಮೇಲೆ ಕೇಳಿದೆ, ಅವರೇನೆಂದರು ರಾಮಾಂಜಿನಪ್ಪ? "ಏನೂ ಅನ್ಲಿಲ್ಲ ಮೇಡಂ. ಕಪ್ಪು ಕನ್ನಡಕ ತೆಗೆದು ಸಾಹೇಬ್ರ ಫೋಟೋ ನೋಡಿದ್ರು. ಕೈ ಮುಗಿದ್ರು. ಹೋದ್ರು."

ಯೋಚನೆ ಮಾಡಿ. ಹೊಸ ಕಣ್ಣಿನಲ್ಲಿ ಅವರು ಅಷ್ಟು ನಿಚ್ಚಳವಾಗಿ ಮೊದಲು ನೋಡಿದ್ದು, ಹಾರ ಹಾಕಿದ ಆ ಮುಖ.

ಗುರುವಾರ ಬೆಳಗ್ಗೆ ನಾನು ಗೇಟ್ ತೆಗೆಯುವಾಗ ಮುನಿಗಂಗಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಸೆರಗಿನಿಂದ ಕಣ್ಣು ಒತ್ತಿ ಹಿಡಿದಿದ್ದರು. ಕೈ ಸರಿಸಿ ನೋಡಿದೆ. ಇಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರುವುದು ಅಪರೂಪ — ಕರಿಗುಡ್ಡೆಯ ಕೆಳಗಡೆ ಹಳದಿ ಬಣ್ಣದ ಒಂದು ಸಣ್ಣ ಗೆರೆ. ಕೀವು. ನನಗೆ ಚಿಕ್ಕಮುನಿಯಪ್ಪನವರ ಪಕ್ಕದ ಚಾಪೆ ನೆನಪಾಯಿತು.

"ನಿನ್ನೆಯಿಂದ್ಲೇ ಕುಟ್ದಂಗೆ ನೋವು ಕಣವ್ವ" ಎಂದರು. ಮತ್ತೆ ನಿನ್ನೆಯೇ ಯಾಕೆ ಹೇಳಲಿಲ್ಲ, ಗೇಟಿನಲ್ಲಿ ಯಾಕೆ ಕೂಗಾಡಲಿಲ್ಲ ಎಂದು ನಾನು ರೇಗಿದೆ. ಆಯಮ್ಮ ಏನಂದರು ಗೊತ್ತಾ? — "ಸಾವಾಗಿರೋ ಮನೆ ಬಾಕ್ಲಾಗೆ ನಿಂತು ನನ್ ಕಣ್ ನೋಡಿ ಅನ್ನಕಾಗ್ತದಾ? ಮನುಷ್ಯತ್ವ ಬ್ಯಾಡ್ವಾ?"

ನಾವು ಮರ್ಯಾದೆಗಾಗಿ ಬಾಗಿಲು ಮುಚ್ಚಿದೆವು. ಅವರು ಮರ್ಯಾದೆಗಾಗಿ ಬಾಗಿಲು ತಟ್ಟಲಿಲ್ಲ. ಇದನ್ನು ಯಾರ ತಲೆಗೆ ಕಟ್ಟುವುದು, ನನಗೆ ತಿಳಿಯುತ್ತಿಲ್ಲ.

ಡಾಕ್ಟರ ಶಿಷ್ಯೆ, ಡಾಕ್ಟರ್ ಪೂಜಿತಾ, ಆ ಕ್ಷಣವೇ ಮುನಿಗಂಗಮ್ಮನವರನ್ನು ಒಳಗೆ ಕರೆದುಕೊಂಡು ಹೋಗಿ ಕಣ್ಣಿನೊಳಕ್ಕೇ ಔಷಧಿ ಕೊಟ್ಟರು. ಕಣ್ಣು ಉಳಿಯಬಹುದು ಎನ್ನುತ್ತಾರೆ. ಬಹುದು — ಅಷ್ಟೇ ಹೇಳುತ್ತಿದ್ದಾರೆ. ಏನು ಸೇರಿತು, ಎಲ್ಲಿಂದ ಸೇರಿತು, ತೊಳೆಯುವ ನೀರಿನಲ್ಲೋ, ಔಷಧಿಯಲ್ಲೋ, ನನ್ನ ಕೈಯಿಂದ ದಾಟಿದ ಸಾಮಾನಿನಲ್ಲೋ — ಲ್ಯಾಬಿನವರು ಇನ್ನೂ ಹೇಳಿಲ್ಲ. ಥಿಯೇಟರಿಗೆ ಬೀಗ ಬಿದ್ದಿದೆ. ಆ ಮಂಗಳವಾರದ ಮಿಕ್ಕವರನ್ನೆಲ್ಲ ಹುಡುಕಿ ಕರೆಸಿ ನೋಡಿದೆವು. ಸದ್ಯ, ಅವರಿಗೆಲ್ಲ ಕಣ್ಣು ಚೆನ್ನಾಗಿದೆ. ಉಳಿದದ್ದು ಜಟ್ಟೆಮ್ಮ ಒಬ್ಬರೇ. ಮುನಿಗಂಗಮ್ಮನವರ ಬೆನ್ನಿಗೇ ಅದೇ ಟೇಬಲ್ ಹತ್ತಿದ ಜಟ್ಟೆಮ್ಮ.

ಫೋನ್ ಮಾಡಿದೆವು. ಸ್ವಿಚ್ ಆಫ್. ಅದು ಮಗ ರಾಮಣ್ಣನ ನಂಬರು. ಶುಕ್ರವಾರವೂ ಸ್ವಿಚ್ ಆಫ್. ಸರಿಯಾದ ವಿಳಾಸ ಸಿಕ್ಕಿ, ನಿನ್ನೆ ಶನಿವಾರ ನಾನೂ ಪೂಜಿತಾ ಡಾಕ್ಟರೂ ಕೆ.ಆರ್.ಪುರಕ್ಕೆ ಹೋದೆವು. ರೈಲ್ವೆ ಹಳಿಯ ಆಚೆ, ತಗಡು ಹೊದಿಸಿದ ಸಾಲು ರೂಮುಗಳು. ಜಟ್ಟೆಮ್ಮನ ರೂಮಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಏನೂ ಇರಲಿಲ್ಲ. ಕಿಟಕಿಯ ಗೂಡಿನಲ್ಲಿ ನಾವು ಕೊಟ್ಟಿದ್ದ ಹನಿ ಔಷಧಿಯ ಬಾಟಲಿ, ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು.

ಪಕ್ಕದ ರೂಮಿನ ಹೆಣ್ಣುಮಗಳು ಪ್ರಿಯದರ್ಶಿನಿ ಎಂದು, ಅದೇ ಕಡೆಯವಳು. ಅವಳು ಹೇಳಿದ್ದನ್ನು ನೀವು ಕೇಳಬೇಕು. "ನಿನ್ನಿ ಮುಂಜಾನಿ ಹೋದ್ರಿ. ಮಗಗ ಬ್ಯಾರೆ ಕಡಿ ಕೆಲಸ ಸಿಕ್ಕದ ಅಂತ, ಎಲ್ಲಿ ಅಂತ ನಂಗ ಗೊತ್ತಿಲ್ರಿ. ಮುದುಕಿ ಕಣ್ಣಿಗಿ ಅರಿವಿ ಕಟ್ಕೊಂಡು ಅಳ್ಕೋತ ಕುಂತಿದ್ಳು. ದವಾಖಾನಿಗಿ ಹೋಗು ಆಯಿ ಅಂತ ಹೇಳಿದೆನ್ರಿ ನಾ. 'ನೋಡ್ತೀನಿ ಅಂದಂವ ಸತ್ತ, ದವಾಖಾನಿ ಮುಚ್ಚಿತು, ಇನ್ನ ಯಾರ ನೋಡ್ತಾರವ್ವಾ' ಅಂದ್ಳು."

ಆಸ್ಪತ್ರೆ ಮುಚ್ಚಿತು. ಆಯಮ್ಮ ಹಾಗೇ ಅಂದುಕೊಂಡಿದ್ದಾರೆ. ನಮ್ಮ ಬೋರ್ಡಿನಲ್ಲಿ ಒಂದು ದಿನದ ರಜೆ ಎಂದು ಬರೆದಿತ್ತು, ಆದರೆ ಓದು ಬಾರದವರಿಗೆ ಕಂಡದ್ದು ಬೀಗ ಮತ್ತು ಹಾರ. ಡಾಕ್ಟರು "ನಾನೇ ನೋಡ್ತೀನಿ" ಎಂದಿದ್ದರು. ಆಯಮ್ಮ ಅದನ್ನು ಪೂರ್ತಿ ನಂಬಿದ್ದರು. ಈಗ ಈ ಊರಿನ ಯಾವುದೋ ಸೈಟಿನಲ್ಲಿ, ಸಿಮೆಂಟಿನ ಧೂಳಿನಲ್ಲಿ, ಬಟ್ಟೆ ಕಟ್ಟಿಕೊಂಡು ಕೂತಿದ್ದಾರೆ. ನನಗೆ ಸಿಟ್ಟು ಬರುತ್ತಿದೆ, ಅಳು ಬರುತ್ತಿದೆ, ಹೆದರಿಕೆಯೂ ಆಗುತ್ತಿದೆ. ಮೆಷೀನ್ ಬಂತು, ಲೆನ್ಸ್ ಬಂತು, ಗಾಜಿನ ಬಾಗಿಲು ಬಂತು — ನಾವು ಮತ್ತೆ ಬಂದು ನಿಂತಿರುವುದು ಆ ಸ್ಕೂಲಿನ ಚಾಪೆಯ ಪಕ್ಕದಲ್ಲೇ. ಮುಂದಿನ ತಿಂಗಳು ಆ ಫೋನಿನ ಪದ್ಧತಿ ಬಂದರೆ ಇನ್ನೆಷ್ಟು ಜಟ್ಟೆಮ್ಮಂದಿರು ಸ್ವಿಚ್ ಆಫ್ ಆಗುತ್ತಾರೋ ಎಂದು ಯೋಚಿಸಿದರೆ ನನಗೆ ನಿದ್ದೆ ಹತ್ತುವುದಿಲ್ಲ. ನಿತೀಶ್, ಈ ಮಾತನ್ನು ಮೇಲಿನವರಿಗೆ ಮುಟ್ಟಿಸಿ. ನೀವು ಅತ್ತದ್ದನ್ನು ನಾನು ನೋಡಿದ್ದೇನೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಈ ಹಾಲಿನಲ್ಲಿ ಕೆ.ಆರ್.ಪುರದ ಆಟೋದವರಿದ್ದೀರಿ. ಬೆನ್ಸನ್ ಟೌನಿನಲ್ಲಿ ಹಳೇ ಮನೆ ಕೆಡವಿ ಫ್ಲ್ಯಾಟ್ ಕಟ್ಟಿಸುತ್ತಿರುವ ಮೇಸ್ತ್ರಿಗಳಿದ್ದೀರಿ. ಆಶಾ ಕಾರ್ಯಕರ್ತೆಯರು ಇದ್ದೀರಿ. ಗಿಡ್ಡಗಿನ ಹೆಂಗಸು. ಹಣೆಯ ಮೇಲೆ ಹಸಿರು ಹಚ್ಚೆ. ಬಲಗಣ್ಣಿಗೆ ಬಟ್ಟೆ. ಮಗನ ಹೆಸರು ರಾಮಣ್ಣ. ಕಂಡರೆ ಬುದ್ಧಿವಾದ ಹೇಳುತ್ತಾ ನಿಲ್ಲಬೇಡಿ, ಎತ್ತಿ ಕೂರಿಸಿಕೊಂಡು ಬನ್ನಿ. ಆಸ್ಪತ್ರೆ ಮುಚ್ಚಿಲ್ಲ, ಡಾಕ್ಟರು ಇಲ್ಲದಿದ್ದರೂ ನೋಡುವವರಿದ್ದಾರೆ ಎಂದು ಹೇಳಿ. ಪೂಜಿತಾ ಡಾಕ್ಟರು ಇವತ್ತು ಈ ಸಭೆಗೆ ಬಂದಿಲ್ಲ, ನೀವು ಗಮನಿಸಿರಬಹುದು. ಅವರು ಆ ಬೆಂಚಿನ ಹತ್ತಿರ ಕೂತಿದ್ದಾರೆ. ಗೇಟ್ ತೆರೆದಿದೆ.

ಹಿಂದೆ ಮೇಜಿನ ಮೇಲೆ ಕಾಫಿ ಫ್ಲಾಸ್ಕ್ ಇಟ್ಟಿದ್ದಾರೆ. ಪೇಷಂಟುಗಳು, ಊರಿನಿಂದ ಬಂದವರು ದಯವಿಟ್ಟು ಕುಡಿಯಿರಿ. ಆಸ್ಪತ್ರೆಯವರು ಮುಟ್ಟಬೇಡಿ. ಬೆಂಚಿಗೆ ಬರಬೇಕಾದವರು ಇನ್ನೂ ಒಬ್ಬರಿದ್ದಾರೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ವಯಸ್ಸಾದವರು ಕೂತೇ ಇರಿ, ಪರವಾಗಿಲ್ಲ. ಮೌನ ಆಚರಿಸೋಣ. ಆದರೆ ಕಣ್ಣು ಮುಚ್ಚಬೇಡಿ. ಕಣ್ಣು ಮುಚ್ಚಿಕೊಂಡು ನಿಂತವರನ್ನು ಕಂಡರೆ ಡಾಕ್ಟರಿಗೆ ಆಗುತ್ತಿರಲಿಲ್ಲ. ಅಂಗೈ ಎತ್ತಿ — ಹೀಗೆ — ಒಂದು ಕಣ್ಣಿನ ಮೇಲಿಡಿ. ಇನ್ನೊಂದರಲ್ಲಿ ಅವರ ಫೋಟೋ ನೋಡಿ. ಅವರು ಯಾವ ಬಣ್ಣದ ಅಂಗಿ ಹಾಕಿದ್ದಾರೆ, ನೋಡಿ.

ನಡುವೆ ಈ ಫೋನ್ ಬಡಿದುಕೊಂಡರೆ ಮೌನ ಕೆಟ್ಟಿತೆಂದು ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬಡಿದುಕೊಳ್ಳಲಿ ಎಂದೇ ನಿಂತಿರೋಣ.